ಸ್ಪಷ್ಟನೆ: ಗಾರ್ಡನ್ ಕವೆಂಟ್ರಿಯ 1299 ಗೋಲುಗಳ ದಾಖಲೆ

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ (ಅಂಡಾಕಾರದ ಚೆಂಡಿನಿಂದ ಆಡುವ, ಆಸ್ಟ್ರೇಲಿಯಾದ್ದೇ ಆದ ಫುಟ್‌ಬಾಲ್) ಲೀಗಿನಲ್ಲಿ ಒಬ್ಬ ಆಟಗಾರ ಹೊಡೆದ ಅತಿ ಹೆಚ್ಚು ಒಟ್ಟು ಗೋಲುಗಳ ದಾಖಲೆ ಇಂದಿಗೂ ಕಾಲಿಂಗ್‌ವುಡ್ ತಂಡದ ಗಾರ್ಡನ್ ಕವೆಂಟ್ರಿಯವರದೇ ಎಂದು ನಾನು ಬರೆದಿದ್ದ ಟಿಪ್ಪಣಿ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ, ಅದು ತಪ್ಪು. 1920ರಿಂದ 1937ರವರೆಗೆ 306 ಪಂದ್ಯಗಳಲ್ಲಿ ಅವರು ಹೊಡೆದ 1299 ಗೋಲುಗಳ ದಾಖಲೆ 62 ವರ್ಷ ಉಳಿದದ್ದೇನೋ ನಿಜ. ಆದರೆ 1999ರ ಜೂನ್‌ನಲ್ಲಿ ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ, ಅದೂ ಕಾಲಿಂಗ್‌ವುಡ್ ವಿರುದ್ಧವೇ, ಸಿಡ್ನಿ ತಂಡದ ಆಟಗಾರ ಟೋನಿ ಲಾಕೆಟ್ ತಮ್ಮ 1300ನೇ ಗೋಲು ಹೊಡೆದಾಗ ಪ್ರೇಕ್ಷಕರು ಸಾವಿರಗಟ್ಟಲೆ ಮೈದಾನಕ್ಕೆ ನುಗ್ಗಿ ಅವರನ್ನು ಸುತ್ತುವರಿದಿದ್ದರು. ಲೀಗಿನ ಅಧಿಕೃತ ಅಂಕಿಅಂಶಗಳಲ್ಲಿ ಈಗ 1360 ಗೋಲುಗಳ ಲಾಕೆಟ್ ಮೊದಲಿಗರು, ಕವೆಂಟ್ರಿ ಎರಡನೆಯವರು. 1929ರಲ್ಲಿ 124 ಗೋಲು ಹೊಡೆದು, ಲೀಗಿನ ಒಂದೇ ಋತುವಿನಲ್ಲಿ ನೂರು ದಾಟಿದ ಮೊದಲ ಆಟಗಾರ ಕವೆಂಟ್ರಿ ಎಂಬ ಮಾತಿನಲ್ಲಿ ಬದಲಾವಣೆಯಿಲ್ಲ. ಹಳೆಯ ಟಿಪ್ಪಣಿಯನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ.