ಮೀನು ಸತ್ತ ಮನೆಗೆ ಮಾತಾಡಿಸಲು ಬರುವವರಿಗೆ

ಅಕ್ವೇರಿಯಂ ಮೀನು ಸತ್ತರೆ ನಮ್ಮ ಕಲಬುರಗಿಯಲ್ಲಿ ಎರಡು ಮಾತು ಕೇಳಲೇಬೇಕು. ಒಂದು, "ಮನಿಗಿ ಬರೋ ಗಂಡಾಂತರ ಅದರ ಮ್ಯಾಲ ಹೋಯ್ತು, ಚೊಲೋನೇ ಆಯ್ತು ಬಿಡ್ರಿ." ಇನ್ನೊಂದು, "ಹೋಗ್ಲಿ, ಮತ್ತೊಂದು ತಂದ್ರಾಯ್ತು." ಹೇಳುವವರು ಕೆಟ್ಟವರೇನಲ್ಲ. ಸಮಾಧಾನ ಆಗಲಿ ಅಂತಲೇ ಹೇಳುತ್ತಾರೆ. ಆದರೆ ಮೇ ತಿಂಗಳಲ್ಲಿ ನಮ್ಮ ಅಪ್ಪನ ಆಸ್ಕರ್ ಮೀನು ಸತ್ತಾಗಿನಿಂದ ಈ ಎರಡೂ ಮಾತು ಎಷ್ಟು ಸಲ ಕಿವಿಗೆ ಬಿದ್ದಿವೆ ಅಂದರೆ, ಇಲ್ಲಿ ಬರೆದುಬಿಡೋದೇ ವಾಸಿ ಅನ್ನಿಸಿತು. ಮೊದಲನೇ ಮಾತನ್ನು ಬೇಕಾದರೆ ಸಹಿಸಬಹುದು. ಎರಡನೆಯದನ್ನು ಮಾತ್ರ ದಯವಿಟ್ಟು ಹೇಳಬೇಡಿ. ಅದು ಮನಸ್ಸಿಗೂ ಒಳ್ಳೆಯದಲ್ಲ, ಟ್ಯಾಂಕಿನ ನೀರಿಗೂ ಒಳ್ಳೆಯದಲ್ಲ.

ಆಸ್ಕರ್ ಅಂದರೆ ಅಮೆಜಾನ್ ನದಿ ಕಡೆಯ ಮೀನು. ಅಂಗಡಿಯಿಂದ ತರುವಾಗ ಎರಡು ಬೆರಳಿನಷ್ಟಿರುತ್ತದೆ, ಆಮೇಲೆ ಒಂದು ಅಡಿ ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ನಮ್ಮದೂ ಆ ವಯಸ್ಸಿಗೆ ಬಂದಿತ್ತು. ಕಪ್ಪು ಮೈ, ಕಿತ್ತಳೆ ಪಟ್ಟೆ, ಬಾಲದ ಬುಡದಲ್ಲಿ ಒಂದು ಉಂಗುರದ ಗುರುತು. ಅಪ್ಪ ಶಾಲೆಯಲ್ಲಿ ಗಣಿತ ಹೇಳಿ ರಿಟೈರ್ ಆದ ವರ್ಷ ಮನೆಗೆ ಬಂದದ್ದು. ಮೊಮ್ಮಕ್ಕಳು ಅದಕ್ಕೆ ರಾಜಾ ಅಂತ ಹೆಸರಿಟ್ಟರು. ಅಪ್ಪ ಯಾವತ್ತೂ ಹೆಸರು ಹಿಡಿದು ಕರೆಯಲಿಲ್ಲ. "ಏ, ಬಾ ಇಲ್ಲಿ" ಅಂದರೆ ಸಾಕಿತ್ತು.

ಬೆಳಿಗ್ಗೆ ಐದಕ್ಕೇ ಎದ್ದು ಟ್ಯಾಂಕಿನ ಲೈಟ್ ಹಾಕಿ, ಕುರ್ಚಿ ಎಳೆದುಕೊಂಡು, ಬಸಿಯಲ್ಲಿ ಚಹಾ ಸುರುವಿಕೊಂಡು ಕೂತರೆ ಅವರಿಬ್ಬರದೇ ಲೋಕ. ಅಪ್ಪ ಒಂದೊಂದೇ ಕಾಳು ಆಹಾರ ಹಾಕಬೇಕು. ಇದು ಬಾಯಲ್ಲಿ ಹಾಕಿಕೊಂಡು, ಉಗುಳಿ, ಮತ್ತೆ ಹಿಡಿಯಬೇಕು. ತಡವಾದರೆ ಬಾಲ ಬೀಸಿ ನೀರು ಚಿಮ್ಮಿಸಿ ಅಪ್ಪನ ಕನ್ನಡಕ ತೋಯಿಸುತ್ತಿತ್ತು. ನಾನು ಹತ್ತಿರ ಹೋದರೆ ಕಲ್ಲಿನ ಹಿಂದೆ ಸರಿಯುತ್ತಿತ್ತು. ಅಪ್ಪನ ಟವೆಲ್ ನೋಡಿ ಗುರುತು ಹಿಡಿಯುತ್ತದೇನೋ ಅಂತ ಒಂದು ಸಲ ಅದೇ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಹೋಗಿ ನಿಂತೆ. ಗಾಜಿನ ಹತ್ತಿರ ಬಂತು, ನೋಡಿತು, ವಾಪಸ್ ಹೋಯಿತು. ಅಪ್ಪ ಅವತ್ತಿಡೀ ನಕ್ಕಿದ್ದರು.

ಮೀನಿಗೆ ಏನು ಗುರುತು ಸಿಗುತ್ತೆ, ಅದರ ನೆನಪು ಮೂರು ಸೆಕೆಂಡು ಅನ್ನುವವರಿಗೆ ಒಂದು ಮಾತು. ಆ ಮೂರು ಸೆಕೆಂಡಿನ ಕಥೆ ಸುಳ್ಳು. 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಆರ್ಚರ್ ಮೀನುಗಳಿಗೆ ಮನುಷ್ಯರ ಮುಖದ ಚಿತ್ರ ತೋರಿಸಿ ಪರೀಕ್ಷೆ ಮಾಡಿದರು. ಈ ಮೀನು ಬಾಯಿಂದ ನೀರು ಉಗುಳಿ ಹುಳ ಬೀಳಿಸುತ್ತದೆ. ಒಂದು ಮುಖಕ್ಕೆ ಗುರಿಯಿಟ್ಟು ಉಗುಳಲು ಕಲಿಸಿದರೆ, ಹತ್ತಾರು ಹೊಸ ಮುಖಗಳ ನಡುವೆಯೂ ಹೆಚ್ಚಿನ ಸಲ ಅದೇ ಮುಖವನ್ನು ಹುಡುಕಿ ಉಗುಳಿತು. ಆಸ್ಕರ್ ಬೇರೆ ಜಾತಿ, ಒಪ್ಪಿದೆ. ಆದರೆ ಆಸ್ಕರ್ ಸಾಕಿದ ಯಾರನ್ನೇ ಕೇಳಿ, ಅನ್ನ ಹಾಕುವವರನ್ನು ಅದು ಗುರುತಿಸುತ್ತದೆ ಅಂತಲೇ ಹೇಳುತ್ತಾರೆ.

ಇಂಥದ್ದು ಹೋದಾಗ "ಮತ್ತೊಂದು ತಂದ್ರಾಯ್ತು" ಅಂದರೆ ಏನು ತರೋದು? ಅಂಗಡಿಯಲ್ಲಿ ಸಿಗೋದು ಎರಡು ಬೆರಳಿನ ಮರಿ. ಆ ಹತ್ತು ವರ್ಷದ ಬೆಳಗು ಸಿಗಲ್ಲ, ಅಲ್ವಾ?

ಮನುಷ್ಯರು ಸತ್ತರೆ ನಮ್ಮಲ್ಲಿ ಎಲ್ಲದಕ್ಕೂ ಒಂದು ಪದ್ಧತಿ ಇದೆ. ನೆಂಟರು ಬಂದು ಮಾತಾಡಿಸಿಕೊಂಡು ಹೋಗುತ್ತಾರೆ. ಆಫೀಸಿನಲ್ಲಿ ರಜೆ ಕೊಡುತ್ತಾರೆ. ಅಳುವವರನ್ನು ಅಳಲು ಬಿಡುತ್ತಾರೆ. ನಾಯಿ ಸತ್ತರೂ ಈಗೀಗ ಜನ ಫೋಟೋ ಹಾಕುತ್ತಾರೆ, ಕೆಳಗೆ ನಾಲ್ಕು ಜನ ಕೈಮುಗಿಯುತ್ತಾರೆ. ಮೀನಿಗೆ ಏನೂ ಇಲ್ಲ. ಬಂದ ಒಬ್ಬರಂತೂ "ಸಾರು ಮಾಡಿದ್ರೇನ್ರಿ?" ಅಂತ ಕೇಳಿದರು. ಅಪ್ಪ ನಕ್ಕರು. ಮೇಷ್ಟ್ರಲ್ವಾ, ಎಲ್ಲರ ಮಾತಿಗೂ ನಗುತ್ತಾರೆ. ಅವರು ಹೋದ ಮೇಲೆ ಎದ್ದು ಸುಮ್ನೆ ಅಂಗಳಕ್ಕೆ ಹೋಗಿ ಕೂತರು.

ಸುತ್ತಲಿನವರು ದುಃಖ ಅಂತಲೇ ಒಪ್ಪದ ದುಃಖ ಹೆಚ್ಚು ಒಳಗೊಳಗೇ ಕಾಡುತ್ತದೆ ಅಂತ ಕೆನೆತ್ ಡೋಕಾ ಅನ್ನುವ ಅಮೆರಿಕದ ವಿದ್ವಾಂಸರು 1989ರಲ್ಲೇ ಬರೆದಿದ್ದಾರೆ. ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ತಿನ್ನಲಿ ಬಿಡಿ ಅಂದ ಶರಣಬಸವೇಶ್ವರರ ಕಥೆಯನ್ನು ನಮ್ಮೂರಲ್ಲಿ ಪ್ರತಿ ಮಗುವಿಗೂ ಹೇಳುತ್ತೇವೆ. ಪ್ರತಿ ವರ್ಷ ಅವರ ತೇರು ಎಳೆಯುತ್ತೇವೆ. ಅದೇ ಊರಲ್ಲಿ ಒಬ್ಬ ಮುದುಕರು ಮೀನಿಗಾಗಿ ಎರಡು ದಿನ ಊಟ ಬಿಟ್ಟರೆ "ವಯಸ್ಸಾಯ್ತು, ತಲಿ ಕೆಟ್ಟದ" ಅನ್ನುತ್ತೇವೆ.

ಈಗ ಆ ಗಂಡಾಂತರದ ಮಾತು. ಇದು ನಮ್ಮೂರಿನದಷ್ಟೇ ಅಲ್ಲ, ದೇಶದ ತುಂಬ ಇದೆ. ವಾಸ್ತು ಅಂತ ಎಂಟು ಗೋಲ್ಡ್ ಫಿಶ್, ಒಂದು ಕರಿ ಮೀನು ಇಡುತ್ತಾರೆ. ಕರಿದು ಸತ್ತರೆ ದೃಷ್ಟಿ ಹೋಯ್ತು ಅಂತ ಖುಷಿ. ನನಗೆ ನಂಬಿಕೆ ಇಲ್ಲ. ಆದರೂ ಅದರಲ್ಲಿ ಒಂದು ಒಳ್ಳೆಯದಿದೆ. ಸತ್ತ ಮೀನಿಗೆ ಒಂದು ಲೆಕ್ಕ ಕೊಡುತ್ತದೆ, ಮನೆಯವರಿಗಾಗಿ ಹೋಯ್ತು ಅಂತ. ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಈ ಮಾತು ಹೇಳಿ ಟ್ಯಾಂಕಿಗೆ ಕೈ ಮುಗಿದರು. ಆಗ ಅಪ್ಪನ ಮುಖ ಸ್ವಲ್ಪ ಸಡಿಲವಾದದ್ದನ್ನು ನಾನೇ ನೋಡಿದೆ. ಹಾಗಾಗಿ ಅದನ್ನು ಆಡಿಕೊಳ್ಳಲು ನನಗೆ ಮನಸ್ಸಿಲ್ಲ.

ನನ್ನ ತಕರಾರು ಬೇರೆ. ಎಲ್ಲವನ್ನೂ ಗಂಡಾಂತರದ ತಲೆಗೆ ಕಟ್ಟಿದರೆ ನೀರನ್ನು ಯಾರೂ ನೋಡಲ್ಲ. ತಿಂಗಳಿಗೆ ಒಂದು ಮೀನು ಸಾಯುತ್ತಿದ್ದರೆ ಆ ಮನೆಗೆ ತಿಂಗಳಿಗೊಂದು ಗಂಡಾಂತರ ಬರುತ್ತಿದೆಯೇ? ಅಲ್ಲಿ ಟ್ಯಾಂಕ್ ಚಿಕ್ಕದಿದೆ, ಆಹಾರ ಜಾಸ್ತಿ ಬೀಳುತ್ತಿದೆ, ಅಷ್ಟೇ.

ಜೊತೆಗೆ ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಆಫೀಸುಗಳ ಟೈಮನ್ನೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಮಾಡುತ್ತಾರೆ. ಮನುಷ್ಯರಿಗೆ ಇಷ್ಟು ರಿಯಾಯಿತಿ ಇದೆ. ಮೀನು ಎಲ್ಲಿಗೆ ಹೋಗಬೇಕು? ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 35 ಡಿಗ್ರಿಯಲ್ಲಿ 7ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈಯೂ ಬಿಸಿಯಾಗಿ ಅದಕ್ಕೆ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ. ಆಗಲೇ ಕರೆಂಟು ಹೋಗುತ್ತದೆ, ಏರ್ ಪಂಪ್ ನಿಲ್ಲುತ್ತದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಹಸಿವು ಅಂತ ಇನ್ನಷ್ಟು ಆಹಾರ ಹಾಕುವವರಿದ್ದಾರೆ. ಅದು ಉಸಿರಿಗಾಗಿ ಬಂದಿರುತ್ತದೆ. ಅಪ್ಪ ಬ್ಯಾಟರಿ ಪಂಪ್ ಇಟ್ಟಿದ್ದರು, ಕೂಲರನ್ನು ಟ್ಯಾಂಕಿನ ಕಡೆ ತಿರುಗಿಸಿ ತಾವು ಸೆಖೆಯಲ್ಲಿ ಮಲಗುತ್ತಿದ್ದರು. ಆದರೂ ವಯಸ್ಸಾದ ಜೀವ, ಈ ಬೇಸಿಗೆ ದಾಟಲಿಲ್ಲ.

ಇನ್ನು ಮೀನಿಗೆ ಕಾಯಿಲೆ ಬಂದರೆ ಯಾರ ಹತ್ತಿರ ಹೋಗಬೇಕು? ಪಶು ವೈದ್ಯಕೀಯ ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಪಕ್ಕದ ಬೀದರಿನಲ್ಲೇ ಇದೆ. ಆದರೆ ಅದರ ಮೀನುಗಾರಿಕೆ ಕಾಲೇಜು 1969ರಿಂದ ಇರೋದು ಮಂಗಳೂರಿನಲ್ಲಿ. ಸಮುದ್ರ ಅಲ್ಲಿದೆ, ಸರಿಯೇ. ನಮ್ಮಂಥ ಮನೆಯವರಿಗೆ ಮಾತ್ರ ಅಂಗಡಿಯವನೇ ಡಾಕ್ಟರು, ಅವನು ಕೊಡುವ ನೀಲಿ ಔಷಧ ಮತ್ತು ದಪ್ಪ ಉಪ್ಪೇ ಎಲ್ಲದಕ್ಕೂ ಮದ್ದು.

ಮರುದಿನವೇ ಹೊಸ ಮೀನು ಬೇಡ ಅಂದೆನಲ್ಲ, ಅದಕ್ಕೆ ಮನಸ್ಸಿನದಲ್ಲದ ಕಾರಣವೂ ಇದೆ. ಮೀನಿನ ಹೊಲಸಿನಿಂದ, ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಯಲ್ಲಿ ಇರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೈಟೂ ವಿಷವೇ, ನೈಟ್ರೇಟ್ ಅಷ್ಟು ಅಪಾಯದ್ದಲ್ಲ. ಈ ಬ್ಯಾಕ್ಟೀರಿಯಾ ಹೊಸ ಟ್ಯಾಂಕಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಮೀನು ಸತ್ತ ಸಂಕಟಕ್ಕೆ ಮನೆಯವರು ಏನು ಮಾಡುತ್ತಾರೆ? ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಉಜ್ಜಿ, ಹೊಸ ನೀರು ತುಂಬಿ, ಸಂಜೆಯೇ ಹೊಸ ಮೀನು ಬಿಡುತ್ತಾರೆ. ನಲ್ಲಿ ನೀರಿನ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸತ್ತಿರುತ್ತವೆ. ಹದಿನೈದು ದಿನದೊಳಗೆ ಹೊಸದೂ ಸಾಯುತ್ತದೆ. ಆಗ "ನಮ್ಮ ಮನಿಗಿ ಮೀನ ಆಗಿಬರಲ್ಲ" ಅನ್ನುವ ತೀರ್ಮಾನ.

ಹಾಗೆ ಮಾಡೋದು ಬೇಡ. ಸತ್ತ ಮೀನನ್ನು ತಕ್ಷಣ ತೆಗೆಯಿರಿ, ಕೊಳೆತರೆ ಅಮೋನಿಯಾ ಏರುತ್ತದೆ. ಕಾಲು ಭಾಗ ನೀರು ಬದಲಿಸಿ, ಕ್ಲೋರಿನ್ ತೆಗೆದ ನೀರು ಹಾಕಿ. ಸ್ಪಂಜನ್ನು ಟ್ಯಾಂಕಿನದೇ ನೀರಿನಲ್ಲಿ ಹಿಂಡಿ. ಅಮೋನಿಯಾ ನೋಡುವ ಕಿಟ್ ಸಿಗುತ್ತದೆ, ಒಂದು ಸಲ ನೋಡಿ. ಫಿಲ್ಟರ್ ಓಡುತ್ತಿರಲಿ. ಮೀನಿಗೆ ರೋಗ ಬಂದು ಹೋಗಿದ್ದರಂತೂ ಕಾಯಲೇಬೇಕು. ಇದೆಲ್ಲ ಮಾಡುತ್ತ ಕೂತರೆ ಕೈಗೆ ಒಂದು ಕೆಲಸವೂ ಆಗುತ್ತದೆ. ಅಪ್ಪನಿಗೆ ಯಾರ ಸಮಾಧಾನಕ್ಕಿಂತ ಆ ಕಿಟ್ಟೇ ಜಾಸ್ತಿ ಉಪಯೋಗಕ್ಕೆ ಬಂತು. ದಿನಾ ಹನಿ ಹಾಕಿ, ಬಣ್ಣ ನೋಡಿ, ಹಳೇ ಡೈರಿಯಲ್ಲಿ ಬರೆದಿಡುತ್ತಿದ್ದರು. ಗಣಿತದ ಮೇಷ್ಟ್ರು.

ಮಕ್ಕಳ ವಿಷಯ ಇನ್ನೊಂದಿದೆ. ಮಗು ಶಾಲೆಗೆ ಹೋದಾಗ ಗುಟ್ಟಾಗಿ ಅದೇ ಬಣ್ಣದ ಮೀನು ತಂದು ಬಿಡುವ ಉಪಾಯ ಎಷ್ಟು ಮನೆಗಳಲ್ಲಿ ನಡೆದಿಲ್ಲ! ಯಾದಗಿರಿಯ ನಮ್ಮ ಅಕ್ಕನ ಮನೆಯಲ್ಲಿ ಭಾವ ಹೀಗೆ ಗೋಲ್ಡ್ ಫಿಶ್ ಬದಲಿಸಿದರು. ಮಗಳು ಬ್ಯಾಗೂ ಇಳಿಸದೆ ಟ್ಯಾಂಕ್ ನೋಡಿ, "ಇದು ನಮ್ದಲ್ಲ, ನಮ್ದುಕ್ಕ ರೆಕ್ಕಿ ಹರಿದಿತ್ತು" ಅಂದಳು. ಆಮೇಲೆ ತನ್ನ ಅಪ್ಪ ಹೇಳಿದ್ದನ್ನೆಲ್ಲ ಎರಡೆರಡು ಸಲ ಅಮ್ಮನ ಹತ್ತಿರ ಖಾತ್ರಿ ಮಾಡಿಕೊಳ್ಳೋಕೆ ಶುರು ಮಾಡಿದಳಂತೆ. ಸತ್ತಿದೆ ಅಂತ ಹೇಳಿಬಿಡಿ. ಅತ್ತರೆ ಅಳಲಿ. ಮನೆಯಲ್ಲಿ ಮೊದಲ ಸಾವು ಅಜ್ಜಿಯದಾಗುವ ಬದಲು ಮೀನಿನದಾದರೆ ಮಗುವಿಗೆ ಅಷ್ಟು ಭಾರ ಆಗಲ್ಲ.

ರಾಜಾನನ್ನು ಬೇವಿನ ಗಿಡದ ಬುಡದಲ್ಲಿ ಹೂತೆವು. ಮೇ ತಿಂಗಳ ಎರಿ ಮಣ್ಣು, ಸನಿಕೆಗೂ ಬಗ್ಗಲಿಲ್ಲ. ನೀರು ಹಾಕಿ ನೆನೆಸಿ, ಒಂದೂವರೆ ಅಡಿ ತೋಡಿ, ಬೆಕ್ಕು ಕೆದರದ ಹಾಗೆ ಮೇಲೆ ಒಂದು ಶಹಾಬಾದ್ ಕಲ್ಲು ಇಟ್ಟೆವು. ಮೊಮ್ಮಕ್ಕಳು ಊದಿನಕಡ್ಡಿ ಹಚ್ಚಿದರು. ಫ್ಲಾಟಿನಲ್ಲಿರುವವರು ದೊಡ್ಡ ಕುಂಡದಲ್ಲಿ ಹೂಳಬಹುದು. ಕಮೋಡಿಗೆ ಹಾಕಿ ಫ್ಲಶ್ ಮಾಡೋದು ನನಗೆ ಸರಿ ಕಾಣಲ್ಲ.

ಉಳಿದ ಮೀನುಗಳನ್ನು ನಮ್ಮೂರಿನ "ಅಪ್ಪನ ಕೆರೆ" ಅನ್ನುವ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳಿ ಅಂತಲೂ ಒಬ್ಬರು ಹೇಳಿದರು. ಅದು ಪುಣ್ಯವಲ್ಲ. ನಮ್ಮ ಟ್ಯಾಂಕಿನಲ್ಲಿ ಉಳಿದಿರೋದು ಒಂದು ಸಕ್ಕರ್, ಗಾಜಿನ ಪಾಚಿ ತಿನ್ನುತ್ತದೆ ಅಂತ ಎಲ್ಲರೂ ತರುವ ಕರಿ ಮೀನು. ಅದೂ ದಕ್ಷಿಣ ಅಮೆರಿಕದ್ದೇ. ಹೀಗೆ ಜನ ಬಿಟ್ಟ ಸಕ್ಕರ್‌ಗಳೇ ಆಂಧ್ರದ ಕೆರೆಗಳಲ್ಲಿ ತುಂಬಿಕೊಂಡು, ಮುಳ್ಳಿನ ಮೈಯಿಂದ ಬಲೆ ಹರಿದು ಮೀನುಗಾರರ ಹೊಟ್ಟೆ ಮೇಲೆ ಹೊಡೆಯುತ್ತಿವೆ. ಸಾಕಲು ಆಗದಿದ್ದರೆ ಅಂಗಡಿಗೇ ವಾಪಸ್ ಕೊಡಿ, ಇಲ್ಲ ಟ್ಯಾಂಕ್ ಇರುವವರಿಗೆ ಕೊಡಿ.

ಕೊನೆಗೆ, "ಟ್ಯಾಂಕ್ ಹೆಂಗ ಕೊಡ್ತೀರಿ?" ಅಂತ ಇನ್‌ಬಾಕ್ಸಿನಲ್ಲಿ ಕೇಳಿದವರಿಗೆಲ್ಲ ಒಂದೇ ಉತ್ತರ: ಮಾರಲ್ಲ. ನೀರು ಓಡುತ್ತಿದೆ, ಸಕ್ಕರ್ ಒಳಗಿದೆ. ಮೊನ್ನೆ ಅಪ್ಪನನ್ನು ಮೆಲ್ಲಗೆ ಕೇಳಿದೆ. "ಮಳಿ ಬರ್ಲಿ, ನೀರ್ ತಣ್ಣಗಾಗ್ಲಿ, ಆಮ್ಯಾಲ ನೋಡೂಣು. ಆಸ್ಕರ್ ಬ್ಯಾಡ, ಸಣ್ಣವು ಇದ್ರ ನೋಡು" ಅಂದರು. ಗಪ್ಪಿ ಸಾಕಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಜೂನ್ ಕಳೆದ ಮೇಲೆ ನನಗೆ ಹೇಳಿ. ನಾಲ್ಕು ಮರಿ ಸಾಕು, ನಾನೇ ಬಂದು ತಗೊಂಡು ಹೋಗುತ್ತೇನೆ. ಅಲ್ಲಿವರೆಗೆ ಮನೆಗೆ ಬಂದರೆ ಅಪ್ಪನ ಹತ್ತಿರ ರಾಜಾ ಏನೇನು ಮಾಡುತ್ತಿದ್ದ ಅಂತ ಕೇಳಿ. ಟವೆಲ್ಲಿನ ಕಥೆ ನನಗಿಂತ ಚೆನ್ನಾಗಿ ಹೇಳುತ್ತಾರೆ, ಸ್ವಲ್ಪ ಉಪ್ಪು ಖಾರ ಹಚ್ಚಿ.