ಮಿಲ್ಲಿನ ಮನೆಯಲ್ಲಿ ಊಟ ಮಾಡಿ ಬಂದೆ

ನಿನ್ನೆ ಒಂದು ಗೃಹಪ್ರವೇಶ. ತೀರ್ಥಹಳ್ಳಿ ಕಡೆ. ಹಳೇ ಅಕ್ಕಿ ಮಿಲ್ಲು ಕೊಂಡು ಮನೆ ಮಾಡಿಕೊಂಡಿದ್ದಾರೆ. ಹೋಳಿಗೆ ಎರಡು ಹಾಕಿಸಿಕೊಂಡೆ, ಸುಳ್ಳು ಹೇಳಲ್ಲ. ಆದರೂ ಹೊಟ್ಟೆ ಉರಿ ನಿಂತಿಲ್ಲ.

ಬಾಗಿಲಲ್ಲೇ ಹಲ್ಲರ್ ಇಟ್ಟಿದ್ದಾರೆ, ಭತ್ತದ ಉಮಿ ಬಿಡಿಸುವ ಯಂತ್ರ. ಕಪ್ಪು ಪೇಂಟ್ ಹೊಡೆದು, ಭತ್ತ ಸುರಿಯುವ ಬಾಯಿಗೆ ಮಣ್ಣು ತುಂಬಿ ಮನಿಪ್ಲಾಂಟ್ ನೆಟ್ಟಿದ್ದಾರೆ. ಮನಿಪ್ಲಾಂಟ್!

ನಾನು ಮಿಲ್ಲಿನ ಹಿಂದಿನ ಮನೆಯಲ್ಲಿ ಬೆಳೆದವನು, ನಿಮಗೆ ಗೊತ್ತೇ ಇದೆ. ಯಂತ್ರ ತಿರುಗಿಸುವ ಬೆಲ್ಟು ಜಾರಬಾರದು ಅಂತ ಚಿಕ್ಕಪ್ಪ ಅದಕ್ಕೆ ರಾಳ ತಿಕ್ಕುತ್ತಿದ್ದರು. ಬೆಲ್ಟಿನ ಜೋಡು ಚಕ್ರದ ಮೇಲೆ ಹಾದಾಗಲೆಲ್ಲ ಟಪ್ ಅನ್ನುತ್ತಿತ್ತು. ಆ ಟಪ್ ಎಣಿಸುತ್ತಲೇ ಮಧ್ಯಾಹ್ನದ ನಿದ್ದೆ. ಹಲ್ಲರಿನ ಹೊಟ್ಟೆಯಲ್ಲಿ ಉಬ್ಬು ಏಣುಗಳಿರುವ ಕಬ್ಬಿಣದ ಉರುಳೆ, ಅದರ ಕೆಳಗೆ ತೂತಿನ ತಗಡು. ಅಕ್ಕಿ ಪಕ್ಕದಿಂದ ಬಂದರೆ, ಉಮಿ ತೌಡು ನುಚ್ಚು ಎಲ್ಲ ಕಲಸಿಕೊಂಡು ಕೆಳಗೆ. ನುಚ್ಚು ಜಾಸ್ತಿಯಾದರೆ ಬೈಗುಳ ಚಿಕ್ಕಪ್ಪನಿಗೆ. ಬಿಸಿ ಅಕ್ಕಿಯನ್ನು ಬೊಗಸೆಯಲ್ಲಿ ಹಿಡಿದು ಒಂದು ಕಾಳು ಕಚ್ಚಿ ನೋಡೋದು ನನ್ನ ಕೆಲಸ.

"ಎಲ್ಲ ಇದ್ದ ಹಾಗೇ ಉಳಿಸಿದ್ದೀವಿ ಸಾರ್" ಅಂದರು ಮನೆಯವರು. ಏನು ಉಳಿಸಿದ್ದಾರೆ? ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರು ಮಾಡಿದ ಹಂಚು ಅಂತ ನನಗೇ ಪಾಠ ಬೇರೆ. ಬೆಲ್ಟಿನ ಚಕ್ರಗಳ ಶಾಫ್ಟು ಇದ್ದ ತೊಲೆಗೆ ದೀಪ ನೇತಾಡುತ್ತಿದೆ. ಎಂಜಿನ್ ಕೂರಿಸಿದ್ದ ಗುಂಡಿಯಲ್ಲಿ ಸೋಫಾ. ಕುಚ್ಚಲಕ್ಕಿಗೆ ಬೇಯಿಸಿದ ಭತ್ತ ಒಣಗುತ್ತಿದ್ದ ಅಂಗಳದಲ್ಲಿ ನಾಲ್ಕು ಕಾರು. ಸದ್ದು ಮಾಡುತ್ತಿದ್ದದ್ದೆಲ್ಲ ಹೋಗಿದೆ. ಸುಮ್ನೆ ನಿಂತಿದ್ದದ್ದು ಮಾತ್ರ ಉಳಿದಿದೆ. ಇದಕ್ಕೆ ಮಿಲ್ಲೇ ಯಾಕೆ, ಗೋಡೌನ್ ಸಾಕಿತ್ತಲ್ವಾ?

ಮಿಲ್ಲಲ್ಲಿ ಸಂಸಾರ ಮಾಡಬಾರದು ಅಂತಲ್ಲ ಮಾರಾಯ್ರೆ. ಮಗಳ ಮನೆಗೆ ಹೋದಾಗ ಹಾಲೆಂಡಿನ ಕಿಂಡರ್‌ಡೈಕ್ ನೋಡಿದ್ದೆ. 19 ಗಾಳಿಗಿರಣಿ, ಹೆಚ್ಚಿನವು 1738, 1740ರಲ್ಲಿ ಕಟ್ಟಿದವು. 1997ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿವೆ. ಹಿಟ್ಟು ಬೀಸುವುದಲ್ಲ, ತಗ್ಗು ನೆಲದ ನೀರೆತ್ತುವುದು ಅವುಗಳ ಕೆಲಸವಾಗಿತ್ತು. ಒಳಗೆ ಜನ ಇದ್ದಾರೆ, ಹೊರಗೆ ಬಟ್ಟೆ ಒಣಗುತ್ತದೆ. ರೆಕ್ಕೆ ಈಗಲೂ ತಿರುಗುತ್ತದೆ!

"ಬಿದ್ದು ಹೋಗೋದಕ್ಕಿಂತ ವಾಸಿ ಅಲ್ವಾ?" ಅಂತ ದಾರಿಯಲ್ಲಿ ಹೆಂಡತಿ. ವಾಸಿಯೇ. ಸತ್ತ ಹುಲಿಯೂ ಕೊಳೆಯೋದಕ್ಕಿಂತ ಗೋಡೆ ಮೇಲಿದ್ದರೆ ವಾಸಿ.

ಇನ್ನೊಂದು ವಿಷಯ ಹೇಳಿಬಿಡ್ತೀನಿ, ಇಲ್ಲದಿದ್ದರೆ ನನ್ನ ತಮ್ಮ ಕಾಮೆಂಟಿನಲ್ಲಿ ಹೇಳ್ತಾನೆ. ನಮ್ಮ ಮಿಲ್ಲಿನ ಹಲ್ಲರ್ ಗುಜರಿಗೆ ಹೋದ ದಿನ ತಕ್ಕಡಿ ಪಕ್ಕ ನಿಂತು ತೂಕ ಬರೆದುಕೊಂಡವನು ನಾನೇ. ಕಿಲೋ ಲೆಕ್ಕದಲ್ಲಿ ಕೊಟ್ಟೆವು. ನನ್ನ ಪಾಲು ಬೈಕಿನ ಕಂತಿಗೆ ಹೋಯಿತು. ಚಿಕ್ಕಪ್ಪ ಆ ದಿನ ತೋಟದಿಂದ ಮನೆಗೆ ಬಂದದ್ದು ಕತ್ತಲಾದ ಮೇಲೆ.

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ನೋಡಿದೆ. ಮನಿಪ್ಲಾಂಟಿಗೆ ಹಾಕಿದ ನೀರು ಹಲ್ಲರಿನ ತೂತಿನ ತಗಡಿಂದ ಸೋರಿ, ಹೊಸ ಗ್ರಾನೈಟ್ ಮೇಲೆ ತುಕ್ಕಿನ ಗೆರೆ ಬಿದ್ದಿತ್ತು. ಹೇಳೋಣ ಅನ್ನಿಸಿತು. ಹೇಳಲಿಲ್ಲ.