ನಮ್ಮನೆ ಪುಟ್ಟಿಗೆ 42 ವರ್ಷ

ಬೀದಿ ಕಡೆ ಕಿಟಕಿಯ ಕೊಂಡಿ ಮುರಿದಿದೆ, ಹೊಸದು ಹಾಕ್ರಿ ಅಂತ ನನ್ನ ಹೆಂಡತಿ ಯುಗಾದಿಯಿಂದ ಹೇಳ್ತಾ ಇದ್ದಳು. ಕೊಂಡಿ ಬೆಲೆ 15 ರೂಪಾಯಿ. ನಾನು "ಈ ಭಾನುವಾರ" ಅಂದೆ. ಭಾನುವಾರಗಳು ಬಂದವು, ಹೋದವು. ಆಷಾಢ ಬಂತು. ಆಷಾಢದ ಗಾಳಿ ದಾವಣಗೆರೆಯಲ್ಲಿ ಯಾರನ್ನೂ ಕೇಳಿಕೊಂಡು ಬರೋದಿಲ್ಲ. ಒಂದು ಮಧ್ಯಾಹ್ನ ಕಿಟಕಿ ಬಾಗಿಲು ಧಡಾರ್ ಅಂತ ಗೋಡೆಗೆ ಬಡಿಯಿತು. ಮೂರು ಗಾಜಿನಲ್ಲಿ ನಡುವಿನದು ಅಂಗಳಕ್ಕೆ ಉದುರಿತು.

ಹೆಂಡತಿ ಬಂದು ನೋಡಿದಳು. ಏನೂ ಅನ್ನಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿದುಹೋಗ್ತಿತ್ತು.

ಬಡಿಗೇರರಿಗೆ ಫೋನ್ ಮಾಡಿದೆ. "ಒಂದೇ ಗಾಜಾ?" ಅಂದರು. ಆ "ಒಂದೇ" ಅನ್ನೋದರಲ್ಲೇ ನನ್ನ ಯೋಗ್ಯತೆ ಎಷ್ಟು ಅಂತ ತಿಳೀತು. "ಭೀಮನ ಅಮಾಸೆ ಕಳೀಲಿ ಸಾರ್, ಬಂದು ನೋಡ್ತೀನಿ." ಅಮಾವಾಸ್ಯೆಗೆ ಇನ್ನೂ ಮೂರು ವಾರ ಇತ್ತು. ಅಲ್ಲೀತನಕ ಇರಲಿ ಅಂತ ಟೀವಿ ಬಂದಿದ್ದ ರಟ್ಟಿನ ಡಬ್ಬ ಕತ್ತರಿಸಿ ಅಂಟಿಸಿದೆ. ಅದರ ಮೇಲೆ ಒಡೆಯುವ ವಸ್ತು ಅಂತ ತೋರಿಸೋ ಗಾಜಿನ ಲೋಟದ ಚಿತ್ರ ಇರುತ್ತಲ್ಲ, ಅದು ಸರಿಯಾಗಿ ಬೀದಿಗೆ ಮುಖ ಮಾಡಿ ಕೂತಿತು. ಪೇಪರ್ ಹಾಕೋ ಹುಡುಗ ದಿನಾ ಸೈಕಲ್ ನಿಲ್ಲಿಸಿ ನೋಡಿ ನಕ್ಕು ಹೋಗ್ತಿದ್ದ.

ಸರಿ, ನಾನೇ ಹಾಕೋಣ ಅಂತ ತೀರ್ಮಾನ ಮಾಡಿದ್ದು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ ಮೇಲೆ. ಯಾವುದೋ ದೇಶದ ಮನುಷ್ಯ. ಚಾಕುವಿನ ತುದಿ ಇಟ್ಟ, ಗಾಜಿನ ಸುತ್ತ ಮೆತ್ತಿದ್ದ ಹಳೇ ಪುಟ್ಟಿ ಬಾಳೆಹಣ್ಣಿನ ಸಿಪ್ಪೆ ಹಾಗೆ ಸುಲಿದು ಬಂತು. ಹಿಂದೆ ಪಿಟೀಲು ಬೇರೆ. ಒಟ್ಟು 6 ನಿಮಿಷ. ನನಗೆ ಅಭ್ಯಾಸ ಇಲ್ಲ, 12 ನಿಮಿಷ ಇಟ್ಟುಕೊಳ್ಳೋಣ ಅಂದುಕೊಂಡೆ.

ನಮ್ಮ ಮನೆ ವಿನೋಬನಗರದಲ್ಲಿ ಅಪ್ಪ 1983ರಲ್ಲಿ ಕಟ್ಟಿಸಿದ್ದು. ಆಗಿನ್ನೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು, ನಮಗೆ ಸ್ವಂತ ಜಿಲ್ಲೆ ಅಂತ ಆಗಿದ್ದು 1997ರಲ್ಲಿ. ಕಿಟಕಿಗಳು ಮತ್ತಿ ಮರದವು. ಚೌಕಟ್ಟಿನಲ್ಲಿ ಹೊರಗಡೆಗೆ ಒಂದು ಮೆಟ್ಟಿಲಿನ ಹಾಗೆ ಕೊರೆದು, ಅದರಲ್ಲಿ ಗಾಜು ಇಟ್ಟು, ಸುತ್ತ ಪುಟ್ಟಿ ಒತ್ತಿ ಕೂರಿಸಿದ್ದಾರೆ. ಅಪ್ಪ ಬಂದವರಿಗೆಲ್ಲ "ನೂರು ವರ್ಷ ಅಲ್ಲಾಡಲ್ಲ" ಅಂತ ತೋರಿಸ್ತಿದ್ದರು. ಮರದ ಬಗ್ಗೆ ಹೇಳ್ತಿದ್ದಾರೆ ಅಂತ ನಾನು ತಿಳಿದಿದ್ದೆ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸ್ಟೂಲ್ ಹಾಕಿಕೊಂಡು ನಿಂತೆ. ಅಳಿದುಳಿದ ಗಾಜಿನ ಚೂರುಗಳು ಸುಲಭವಾಗಿ ಬಂದವು, ಕೈಗೆ ಮಗಳ ಹಳೇ ಸಾಕ್ಸ್ ಹಾಕಿಕೊಂಡಿದ್ದೆ. ಆಮೇಲೆ ಪುಟ್ಟಿಗೆ ಚಾಕು ಇಟ್ಟೆ. ಚಾಕು ಜಾರಿತು. ಸ್ಕ್ರೂಡ್ರೈವರ್ ಇಟ್ಟು ಬಡಿದೆ. ಸಾಸಿವೆ ಕಾಳಿನಷ್ಟು ಒಂದು ಚೂರು ಹಾರಿ ಕನ್ನಡಕಕ್ಕೆ ಬಿತ್ತು. ಇನ್ನೊಂದು ಸಲ ಬಡಿದೆ. ಇನ್ನೊಂದು ಸಾಸಿವೆ. ಹೈದರಾಲಿ ಚಿತ್ರದುರ್ಗದ ಕೋಟೆಗೆ ಮತ್ತೆ ಮತ್ತೆ ದಂಡೆತ್ತಿ ಬಂದು ಕೊನೆಗೂ ಹಿಡಿದದ್ದು 1779ರಲ್ಲಂತೆ. ಅವನ ಹತ್ತಿರ ಫಿರಂಗಿಯಾದರೂ ಇತ್ತು. ನನ್ನ ಹೆಂಡತಿ ದುರ್ಗದವಳು. ಸುತ್ತಿಗೆ ಸಿಗ್ತಿಲ್ಲ ಅಂದರೆ ಒಳಗಿಂದ ಏಲಕ್ಕಿ ಕುಟ್ಟೋ ಕುಟ್ಟಾಣಿ ತಂದುಕೊಟ್ಟಳು. ಒನಕೆ ಕೊಡದೆ ಇದ್ದದ್ದು ನನ್ನ ಪುಣ್ಯ.

ಒಂದು ಗಂಟೆಗೆ ಎರಡು ಇಂಚು ಆಗಿತ್ತು. ಮರದ ಅಂಚಿನಲ್ಲಿ ಮೂರು ಗಾಯ, ನನ್ನ ಹೆಬ್ಬೆರಳಲ್ಲಿ ಒಂದು.

ಮಗಳು ಪಿಯುಸಿ ಸೈನ್ಸ್. ಕಾಫಿ ಲೋಟ ಹಿಡಿದು ಬಂದು ನಿಂತು ಹೇಳಿದಳು, ಈ ಪುಟ್ಟಿ ಅಂದರೆ ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ನಾದಿದ್ದು, ಅಷ್ಟೇ. ಅಗಸೆ ಅಂದರೆ ರೊಟ್ಟಿ ಜೊತೆ ಚಟ್ನಿಪುಡಿ ಮಾಡ್ತೀವಲ್ಲ, ಅದೇ ಅಗಸೆ. ಈ ಎಣ್ಣೆ ನೀರಿನ ಹಾಗೆ ಆರಿ ಒಣಗೋದಿಲ್ಲವಂತೆ. ಗಾಳಿಯಲ್ಲಿರೋ ಆಮ್ಲಜನಕ ಹೀರಿಕೊಂಡು ಅದರ ಕಣಗಳು ಒಂದರ ಕೈ ಒಂದು ಹಿಡಿದುಕೊಳ್ಳುತ್ತವಂತೆ. ವರ್ಷ ಹೋದ ಹಾಗೆ ಹಿಡಿತ ಬಿಗಿಯಾಗುತ್ತಂತೆ. "ಅಂದರೆ ನೀನು ಹುಟ್ಟೋಕೆ ಮುಂಚಿನಿಂದ ಇದು ಗಟ್ಟಿ ಆಗ್ತಾನೇ ಇದೆ, ನಾನು ಮೆತ್ತಗೆ ಆಗ್ತಾನೇ ಇದ್ದೀನಿ" ಅಂದೆ. ಅವಳು ನಗಲಿಲ್ಲ. "ಬಿಸಿ ಮಾಡಿದರೆ ಬಿಡುತ್ತೆ ಅಪ್ಪ" ಅಂದಳು.

ಅವಳದೇ ಕೂದಲು ಒಣಗಿಸೋ ಮಷೀನ್ ತಂದು ಹಿಡಿದೆ. ಹತ್ತು ನಿಮಿಷ ಆಯಿತು. ಪುಟ್ಟಿಗೆ ಸ್ವಲ್ಪ ಹಿತ ಆದ ಹಾಗೆ ಕಂಡಿತು. ಮಷೀನ್ ಮಾತ್ರ ಬಿಸಿಯಾಗಿ ತಾನೇ ಆಫ್ ಆಯಿತು. ಒಳಗಿದ್ದ ಹೆಂಡತಿಗೆ ಕೇಳಲಿ ಅಂತ ಜೋರಾಗಿ ಕೂಗಿದೆ: "ಪುಟ್ಟಿ ಏನು ಮಾಡಿದರೂ ಬಿಡ್ತಿಲ್ಲ ಕಣೇ! ಇನ್ನೂ ಜಾಸ್ತಿ ಬಿಸಿ ಮುಟ್ಟಿಸಬೇಕು!"

ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ತಲೆ ಎತ್ತಿದರು. ನನ್ನ ತಂಗಿ ಮಗಳು ಆ ವಾರ ನಮ್ಮನೆಯಲ್ಲೇ ಇದ್ದಳು. ನಾಲ್ಕು ವರ್ಷದ ಕೂಸು. ಎಲ್ಲರೂ ಕರೆಯೋದು ಪುಟ್ಟಿ ಅಂತ. "ಅಲ್ರೀ, ಓದಿದೋರು ನೀವು. ಪಾಪ, ಕೂಸು ಹಟ ಮಾಡಿದರೆ ಬಿಸಿ ಮುಟ್ಟಿಸ್ತಾರೇನ್ರೀ?" ಅಂದರು. ನಾನು "ಅಯ್ಯೋ, ಈ ಪುಟ್ಟಿ ಅಲ್ಲಜ್ಜಿ, ಕಿಟಕಿ ಪುಟ್ಟಿ. ಬಡಿದು ಬಡಿದು ಸಾಕಾಯ್ತು" ಅಂದೆ. ಅವರಿಗೆ ಕೇಳಿದ್ದು ಕೊನೆಯ ಮಾತು ಮಾತ್ರ. ಸಂಜೆ ಒಂದು ಬಟ್ಟಲು ಪಾಯಸ ತಂದು, ಮಗುವನ್ನು ಹತ್ತಿರ ಕರೆದು ಕೈಕಾಲು ನೋಡಿ, ನನ್ನ ಕಡೆ ನೋಡದೆ ಹೋದರು.

ಹಿಂದೆ ಗಾಜಿನ ಕೆಲಸದವರು ಕಬ್ಬಿಣ ಕಾಯಿಸಿ ಪುಟ್ಟಿ ಮೇಲೆ ಒತ್ತಿ ಮೆತ್ತಗೆ ಮಾಡ್ತಿದ್ದರು ಅಂತ ಎಲ್ಲೋ ಓದಿದೆ. ನಮ್ಮನೆಯಲ್ಲಿ ಚಪ್ಪಟೆ ಕಬ್ಬಿಣ ಅಂದರೆ ಒಂದೇ, ದೋಸೆ ಮಗುಚೋ ಕೈ. ಹೆಂಡತಿ ಪೂಜೆಗೆ ಕೂತಿದ್ದ ಹೊತ್ತು ನೋಡಿ ಅದನ್ನು ಒಲೆ ಮೇಲೆ ಇಟ್ಟೆ. ಒಲೆಯಿಂದ ಕಿಟಕಿಗೆ 22 ಹೆಜ್ಜೆ. ಓಡಿ ಬಂದು ಪುಟ್ಟಿಗೆ ಒತ್ತಿ ಹಿಡಿದೆ. ಸುಯ್ ಅಂತು. ಬಣ್ಣ ಉಬ್ಬಿತು. ಎರಡು ನಿಮಿಷ ಬಿಟ್ಟು ಉಳಿ ತೂರಿಸಿದೆ. ಒಂದು ಬೆರಳುದ್ದ ಪುಟ್ಟಿ ಹಾಗೇ ಪಟ್ಟಿಯಾಗಿ ಎದ್ದು ಬಂತು! ಬೆಣ್ಣೆ ದೋಸೆ ಕಾವಲಿ ಬಿಟ್ಟು ಏಳುತ್ತಲ್ಲ, ಥೇಟ್ ಹಾಗೆ. ನನಗೆ ಪಿಟೀಲು ಕೇಳಿಸಿತು.

ಎಂಟು ಸಲ ಓಡಿದೆ. ಮೂರು ಕಡೆ ಪೂರ್ತಿ ಬಂತು. ಪುಟ್ಟಿ ಒಳಗೆ ತಲೆ ಇಲ್ಲದ ಸಣ್ಣ ಮೊಳೆಗಳು, ಕಡೆಗೆ ಎರಡೆರಡು. ಗಾಜು ಬೀಳದ ಹಾಗೆ ನಿಜವಾಗಿ ಹಿಡಿಯೋದು ಅವು, ಪುಟ್ಟಿ ಅವುಗಳ ಮೇಲಿನ ಹೊದಿಕೆ. ಅಪ್ಪನ ಕಾಲದ ಉಳಿ ಮೊದಲನೇ ಮೊಳೆಗೇ ಸಿಕ್ಕಿ ಬಾಯಿ ಮುರಿದುಕೊಂಡಿತು. ಒಂದು ಮೂಲೆಯಲ್ಲಿ ಬಂದ ಚೂರನ್ನು ತಿರುಗಿಸಿ ನೋಡಿದೆ. ಅದರಲ್ಲಿ ಹೆಬ್ಬೆರಳಿನ ಗುರುತು, ಗೆರೆ ಗೆರೆಯಾಗಿ, ನೋಂದಣಿ ಪತ್ರಕ್ಕೆ ಒತ್ತಿದ ಹಾಗೆ. ಗುರುತಿನ ಪಕ್ಕದಲ್ಲೇ ಒಂದು ಮಂಡಕ್ಕಿ. ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು, ಹೊಟ್ಟೆಯ ಮೇಲಿನ ಗೀರು ಮಾತ್ರ ಸ್ಪಷ್ಟವಾಗಿ ಕಾಣ್ತಿತ್ತು. 1983ರ ಬಡಿಗೇರರು ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ನಮ್ಮ ಕಿಟಕಿಗೆ ಪುಟ್ಟಿ ಒತ್ತಿದ್ದಾರೆ. ಹೆಂಡತಿಗೆ ತೋರಿಸಿದೆ. "ತಿಂದು ನೋಡಬೇಡಿ ಮತ್ತೆ" ಅಂದಳು. ಆಮೇಲೆ ಅವಳ ಕಣ್ಣು ನನ್ನ ಇನ್ನೊಂದು ಕೈಯಲ್ಲಿದ್ದ ಮಗುಚೋ ಕೈ ಮೇಲೆ ಬಿತ್ತು.

ಅಲ್ಲಿ ನಡೆದದ್ದನ್ನು ಬರೆಯೋದಿಲ್ಲ. ಮಗಳು ಬಂದು ಬಿಡಿಸಿದಳು, ಆದರೆ ಅಮ್ಮನ ಕಡೆ ಸೇರಿಕೊಂಡು. ಹಳೇ ಮನೆ ಬಣ್ಣದಲ್ಲಿ ಸೀಸ ಇರಬಹುದು ಅಪ್ಪ, ಅಂದಳು. ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಂತೆ. ನಮ್ಮ ಕಿಟಕಿ ಅದಕ್ಕಿಂತ 34 ವರ್ಷ ಹಿರಿಯದು. ಅಂಥ ಬಣ್ಣವನ್ನು ಸುಡೋದು, ಒಣಗಿದ್ದನ್ನು ಕೆರೆದು ಪುಡಿ ಎಬ್ಬಿಸೋದು ಎರಡೂ ತಪ್ಪು. ನೀರು ಚಿಮುಕಿಸಿ, ಬಾಯಿ ಮೂಗು ಮುಚ್ಚಿಕೊಂಡು, ಕೆಳಗೆ ಪೇಪರ್ ಹಾಸಿ ಕೆರೆಯಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು. ಪುಟ್ಟಿಯನ್ನು ಪಕ್ಕದ ಅಜ್ಜಿ ಮನೆಗೆ ಕಳಿಸಿದೆವು. ಅಜ್ಜಿ ಎರಡು ಕೈ ಚಾಚಿ ಎತ್ತಿಕೊಂಡರು. ಮಗುಚೋ ಕೈ ಇನ್ನು ಅಡುಗೆಮನೆ ಹೊಸ್ತಿಲು ದಾಟಿ ಒಳಗೆ ಬರುವ ಹಾಗಿಲ್ಲ ಅಂತ ತೀರ್ಪಾಯಿತು. ಅದು ಅವಳ ತವರಿಂದ ಬಂದದ್ದು ಅನ್ನೋದು ಆಗ ನನ್ನ ನೆನಪಿಗೆ ಬಂತು.

ಉಳಿದದ್ದು ಕೆಳಗಿನ ಒಂದು ಕಡೆ. ಹೇಗಿದ್ದರೂ ಆ ಕೈ ಈಗ ನನ್ನದೇ ಅಲ್ವಾ ಅಂತ, ಬಣ್ಣಕ್ಕೆ ನೀರು ಹಚ್ಚಿ ಕೆರೆದು ತೆಗೆದು, ಒಂದೇ ಒಂದು ಸಲ ಕಾಯಿಸಿ ಒತ್ತಿದೆ. ಟಿಕ್ ಅಂತ ಸದ್ದು. ಪುಟ್ಟಿ ಬಿಡ್ತು ಅಂತ ಖುಷಿಪಟ್ಟೆ. ಬಿಟ್ಟಿದ್ದು ಕೆಳಗಿನ ಗಾಜು. ಅಂಚಿಗೆ ಮಾತ್ರ ಬಿಸಿ ತಾಗಿ ಅಲ್ಲಷ್ಟೇ ಹಿಗ್ಗಿದೆ, ನಡುವೆ ತಣ್ಣಗೇ ಉಳಿದಿದೆ, ಗಾಜಿಗೆ ಅದು ತಡೆಯೋದಿಲ್ಲ. ಮೂಲೆಯಿಂದ ಮೂಲೆಗೆ ಗೆರೆ. ಈಗ ಎರಡು ಗಾಜು.

"ಕುಂದುವಾಡ ಕೆರೆ ಹತ್ರ ಅಷ್ಟು ದೊಡ್ಡ ಗಾಜಿನ ಮನೆ ನಿಲ್ಲಿಸಿದಾರೆ. ನಿಮಗೆ ಒಂದಡಿ ಗಾಜು ನಿಲ್ಲಿಸೋಕೆ ಆಗಲ್ಲ" ಅಂದಳು ಹೆಂಡತಿ. ಅಂತೂ ಬೈದಳಲ್ಲ ಅಂತ ಸಮಾಧಾನ ಆಯಿತು.

ಇನ್ನೆರಡು ಭಾನುವಾರ ಎರಡನೇ ಗಾಜಿನ ಪುಟ್ಟಿಗೆ ಹೋಯಿತು. ಆ ಕಥೆ ಬೇಡ, ಅದೇ ಕಥೆ.

ಹೊಸ ಪುಟ್ಟಿ ತರಲು ಹೋದರೆ ಅಂಗಡಿ ಹುಡುಗ "20 ಕೆಜಿ ಚೀಲನಾ, 40 ಕೆಜಿದಾ?" ಅಂದ. ಗೋಡೆಗೆ ಹಚ್ಚೋ ಬಿಳಿ ಸಿಮೆಂಟಿನ ಪುಟ್ಟಿ! ಅದಕ್ಕೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವೇ ಇಲ್ಲ. ಕಿಟಕಿ ಗಾಜಿನ ಪುಟ್ಟಿ ಅಂದರೆ ಅವನು ಕೇಳಿಯೇ ಇರಲಿಲ್ಲ. ಈಗ ಎಲ್ಲಾ ಅಲ್ಯೂಮಿನಿಯಂ, ರಬ್ಬರ್, ಸಿಲಿಕೋನ್. ಕೊನೆಗೆ ಚೌಕಿಪೇಟೆಯ ಒಂದು ಹಳೇ ಅಂಗಡಿಯಲ್ಲಿ ಯಜಮಾನರು ಒಳಗೆ ಹೋಗಿ, ಬಹಳ ಹೊತ್ತು ಬಿಟ್ಟು, ಒಂದು ಪೊಟ್ಟಣ ಹಿಡಿದು ಬಂದರು. "ಯಾರ್ರೀ ಇನ್ನೂ ಇದನ್ನ ಕೇಳೋರು?" ಅಂತ ನನ್ನನ್ನೇ ಕೇಳಿದರು.

ಗಾಜಿನ ಅಂಗಡಿಯಲ್ಲಿ "ನೂಲು ಬಿಟ್ಟು ಅಳತೆ ತಂದಿದೀರಾ?" ಅಂದರು. ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ, ಹೆಚ್ಚೂಕಮ್ಮಿ 3 ಮಿಲಿಮೀಟರ್. ಗೂಡಿನ ಅಳತೆಗಿಂತ ಗಾಜು ಅಷ್ಟು ಚಿಕ್ಕದಿರಬೇಕು. ನಾನು ಇದ್ಯಾವುದೂ ಗೊತ್ತಿಲ್ಲದೆ "ಕರೆಕ್ಟಾಗಿ ಅಳೆದಿದ್ದೀನಿ" ಅಂತ ಗತ್ತಿನಿಂದ ಹೇಳಿದೆ. ಪೇಪರ್ ಸುತ್ತಿದ ಗಾಜನ್ನು ಸ್ಕೂಟರಿನಲ್ಲಿ ಮೊಣಕಾಲ ನಡುವೆ ಇಟ್ಟುಕೊಂಡು, ರಸ್ತೆಯ ಪ್ರತಿ ಉಬ್ಬಿಗೂ ನಮ್ಮೂರ ದುಗ್ಗಮ್ಮನನ್ನು ನೆನೆಯುತ್ತಾ ತಂದೆ. ಅಳತೆ ಎಷ್ಟು ಕರೆಕ್ಟಾಗಿತ್ತು ಅಂದರೆ ಗಾಜು ಒಳಗೆ ಹೋಗಲೇ ಇಲ್ಲ. ವಾಪಸ್ ಒಯ್ದರೆ, ಅಷ್ಟು ಸಣ್ಣ ಪಟ್ಟಿ ನೆಟ್ಟಗೆ ಮುರಿಯೋದಿಲ್ಲ ಸಾರ್ ಅಂತ ಹೇಳಿಯೇ ಇಕ್ಕಳ ಹಾಕಿದರು. ಹೇಳಿದ ಹಾಗೇ ಆಯಿತು. ಎರಡು ಗಾಜಿಗೆ ನಾಲ್ಕು ಗಾಜಿನ ದುಡ್ಡು ಕೊಟ್ಟೆ.

ಕೂರಿಸುವ ಕೆಲಸ ಮಾತ್ರ, ನಿಜ ಹೇಳ್ತೀನಿ, ಸುಖವಾಗಿತ್ತು. ಬರೀ ಮರಕ್ಕೆ ಮೊದಲು ಅಗಸೆ ಎಣ್ಣೆ ಸವರಬೇಕು, ಇಲ್ಲದಿದ್ದರೆ ಮರವೇ ಪುಟ್ಟಿಯ ಎಣ್ಣೆ ಕುಡಿದುಬಿಡುತ್ತೆ. ಪುಟ್ಟಿಯನ್ನು ಚಪಾತಿ ಹಿಟ್ಟಿನ ಹಾಗೆ ನಾದಿ, ತೆಳ್ಳಗೆ ಒಂದು ಹಾಸು ಹಾಕಿ, ಗಾಜನ್ನು ಅಂಚಿನಲ್ಲೇ ಒತ್ತಿ ಕೂರಿಸಿ, ಮೊಳೆ ಹೊಡೆದು, ಮೇಲೆ ಇನ್ನೊಂದು ಸುತ್ತು ಕೊಟ್ಟು ಚಾಕುವಿನಲ್ಲಿ ಇಳಿಜಾರಾಗಿ ಎಳೆಯಬೇಕು, ಮಳೆ ನೀರು ನಿಲ್ಲದ ಹಾಗೆ. ನನ್ನ ಇಳಿಜಾರು ಆನಗೋಡು ಕಡೆ ಗುಡ್ಡದ ಸಾಲಿನ ಹಾಗೆ ಏರಿಳಿದಿತ್ತು. ಇರಲಿ. ಬಣ್ಣ ಬಳಿಯೋಕೆ ಒಂದೆರಡು ವಾರ ಕಾಯಬೇಕು, ಮೇಲೆ ಪದರ ಕಟ್ಟೋತನಕ.

ಭೀಮನ ಅಮಾವಾಸ್ಯೆ ದಿನ ಹೆಂಡತಿ ನನ್ನ ಪಾದಪೂಜೆ ಮಾಡಿದಳು. ಕುಂಕುಮ ಇಟ್ಟು, ನಮಸ್ಕಾರ ಮಾಡಿ, ತಲೆ ಎತ್ತಿ ಒಂದು ಸಲ ಕಿಟಕಿ ಕಡೆ ನೋಡಿ, ಮತ್ತೆ ಇನ್ನೊಂದು ಸಲ ನಮಸ್ಕಾರ ಮಾಡಿದಳು. ಎರಡನೆಯದು ದೇವರಿಗೆ ಅಂತ ಕಾಣುತ್ತೆ.

ಮಾರನೇ ದಿನ ಬಡಿಗೇರರು ಬಂದರು! ಹೇಳಿದ ದಿನಕ್ಕೇ ಬಡಿಗೇರರು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಎದೆ ಉಬ್ಬಿಸಿ ಕಿಟಕಿ ತೋರಿಸಿದೆ. ಅವರು ಮೊದಲು ಸ್ಟೂಲ್ ನೋಡಿದರು. "ಇದರ ಮೇಲೆ ನಿಂತ್ಕಂಡು ಮಾಡಿದ್ರಾ?" ಹೌದು ಅಂದೆ. "ಕೀಲಿನ ತಿರುಪು ಬಿಚ್ಚಿ, ಬಾಗಿಲು ಕೆಳಗಿಳಿಸಿ ಟೇಬಲ್ ಮೇಲೆ ಮಲಗಿಸ್ಕಂಡಿದ್ರೆ ಕೂತು ಮಾಡಬೋದಿತ್ತಲ್ಲ ಸಾರ್." ಹೆಂಡತಿ ಅವರಿಗೆ ತಟ್ಟೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಂದುಕೊಟ್ಟಳು. ನನಗೆ ಕೊಡಲಿಲ್ಲ.

ಅವರು ತಟ್ಟೆ ಎಡಗೈಗೆ ದಾಟಿಸಿ, ಬಾಯಲ್ಲಿ ಮಂಡಕ್ಕಿ ಅಗಿಯುತ್ತಾ, ಕಿಟಕಿ ಹತ್ತಿರ ಬಗ್ಗಿದರು. ಬಲಗೈ ಹೆಬ್ಬೆರಳನ್ನು ಮೂಲೆಯ ಪುಟ್ಟಿಗೆ ಒತ್ತಿ ನೋಡಿದರು.

"ಇನ್ನೂ ಹಸೀನೇ ಐತೆ" ಅಂದರು.